ಅಸ್ತಮಾ ಬರುವುದೇಕೆ, ಅದರಲ್ಲಿ ಎಷ್ಟು ವಿಧ, ಉಬ್ಬಸದ ಹೊತ್ತಲ್ಲಿ ದೇಹದೊಳಗೆ ನಡೆಯುವುದೇನು? ಪುಣೆ, ಮೈಸೂರು ಒಳಗೊಂಡ ಅಧ್ಯಯನ ಹೇಳಿದ ಎಚ್ಚರಿಕೆಯ ಮಾತು

ಪುಣೆ: ನಡುರಾತ್ರಿ ಕೆಮ್ಮಿ ಕೆಮ್ಮಿ ಎದ್ದು ಕೂರುವ ಮಗು. ಎರಡು ಮಹಡಿ ಹತ್ತುವಷ್ಟರಲ್ಲಿ ಎದೆಯಲ್ಲಿ 'ಸುಯ್' ಎನ್ನುವ ಸದ್ದು. ಮೊದಲ ಮಳೆ ಬಿದ್ದ ಕೂಡಲೇ ಶುರುವಾಗುವ ಏದುಸಿರು. ಇವನ್ನೆಲ್ಲ 'ಶೀತದ ಮೈ', 'ಕಫ ಜಾಸ್ತಿ', 'ಹವಾ ಒಗ್ಗುತ್ತಿಲ್ಲ' ಎಂದು ಸುಮ್ಮನಾಗುವ ಮನೆಗಳೇ ಹೆಚ್ಚು. ಆದರೆ ಇವು ಪದೇ ಪದೇ ಕಾಣಿಸಿಕೊಂಡರೆ ಅದು ಅಸ್ತಮಾ ಆಗಿರುವ ಸಾಧ್ಯತೆ ಇದೆ.

ಅಸ್ತಮಾಗೆ ಹೆಸರಿಡದೆ ಬಿಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು 'ಗ್ಲೋಬಲ್ ಅಸ್ತಮಾ ನೆಟ್‌ವರ್ಕ್' ಭಾರತದಲ್ಲಿ ನಡೆಸಿದ ಅಧ್ಯಯನ ತೋರಿಸಿದೆ. ಪುಣೆಯ ಶ್ವಾಸಕೋಶ ತಜ್ಞ ಡಾ. ಸಂದೀಪ್ ಸಾಲ್ವಿ ಸೇರಿದಂತೆ ಹಲವು ವೈದ್ಯರು ಇದರಲ್ಲಿ ಕೈಜೋಡಿಸಿದ್ದರು. ಪುಣೆ, ಮೈಸೂರು, ದೆಹಲಿ, ಕೋಲ್ಕತ್ತಾ, ಜೈಪುರ ಮೊದಲಾದ 9 ಕಡೆ ಮಕ್ಕಳು ಮತ್ತು ಪೋಷಕರು ಸೇರಿ 1.27 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಲಾಗಿತ್ತು. 2022ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ, ಉಬ್ಬಸದ ಲಕ್ಷಣ ಇದ್ದವರಲ್ಲಿ ಸುಮಾರು ಶೇ. 82ರಷ್ಟು ಮಂದಿಗೆ 'ನಿಮಗಿರುವುದು ಅಸ್ತಮಾ' ಎಂದು ಯಾರೂ ಹೇಳಿರಲಿಲ್ಲ. ತೀವ್ರ ಲಕ್ಷಣ ಇದ್ದವರಲ್ಲೂ ಶೇ. 70ರಷ್ಟು ಮಂದಿಯ ಸ್ಥಿತಿ ಇದೇ.

ಇನ್ನೂ ಆತಂಕದ ವಿಷಯವೆಂದರೆ, ಅಸ್ತಮಾ ಎಂದು ಪತ್ತೆಯಾದವರಲ್ಲೂ ಶೇ. 10ಕ್ಕಿಂತ ಕಡಿಮೆ ಜನ ಮಾತ್ರ ರೋಗವನ್ನು ಹತೋಟಿಯಲ್ಲಿಡುವ ಇನ್ಹೇಲರ್ ಔಷಧವನ್ನು ದಿನವೂ ತೆಗೆದುಕೊಳ್ಳುತ್ತಿದ್ದರು.

ಇದರ ಫಲ ಸಾವಿನ ಲೆಕ್ಕದಲ್ಲಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ 26.2 ಕೋಟಿ ಜನರಿಗೆ ಅಸ್ತಮಾ ಇತ್ತು, ಸುಮಾರು 4.55 ಲಕ್ಷ ಜನ ಅದರಿಂದ ಸತ್ತರು. ಅದೇ ವರ್ಷದ ಜಾಗತಿಕ ರೋಗಭಾರ ಅಂದಾಜಿನಂತೆ ಭಾರತದಲ್ಲಿದ್ದ ರೋಗಿಗಳು ಸುಮಾರು 3.43 ಕೋಟಿ, ಅಂದರೆ ಜಗತ್ತಿನ ಒಟ್ಟು ರೋಗಿಗಳ ಶೇ. 13ರಷ್ಟು. ಆದರೆ ಸಾವುಗಳಲ್ಲಿ ಭಾರತದ ಪಾಲು ಶೇ. 40ಕ್ಕೂ ಹೆಚ್ಚು. ಔಷಧ ಇರುವ ರೋಗಕ್ಕೆ ಇಷ್ಟೊಂದು ಸಾವು ಏಕೆ? ಉತ್ತರ ಸಿಗಬೇಕಾದರೆ ಈ ರೋಗ ದೇಹದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಅಸ್ತಮಾ ಎಂದರೇನು?

ಮೂಗಿನಿಂದ ಶ್ವಾಸಕೋಶದ ಕಡೆಗೆ ಹೋಗುವ ಗಾಳಿಯ ದಾರಿ ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಸಣ್ಣದಾಗುತ್ತಾ ಹೋಗುತ್ತದೆ. ಈ ಕೊಳವೆಗಳ ಒಳಮೈಗೆ ತೆಳುವಾದ ಪೊರೆ ಇದೆ, ಸುತ್ತಲೂ ಸ್ನಾಯುವಿನ ಪಟ್ಟಿ ಇದೆ. ಅಸ್ತಮಾ ಇರುವವರಲ್ಲಿ ಈ ಒಳಪೊರೆ ದೀರ್ಘಕಾಲ ಉರಿಯೂತಕ್ಕೆ ಒಳಗಾಗಿರುತ್ತದೆ. ಕಣ್ಣು ಕೆಂಪಾಗಿ ಊದಿಕೊಂಡಾಗ ಸಣ್ಣ ಗಾಳಿ ತಾಗಿದರೂ ಉರಿಯುವಂತೆ, ಊದಿಕೊಂಡ ಉಸಿರುನಾಳ ಸಣ್ಣಪುಟ್ಟ ಕಾರಣಕ್ಕೂ ಕೆರಳುತ್ತದೆ.

ಕೆರಳಿದಾಗ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಊದುತ್ತದೆ, ಅಂಟು ಕಫ ತುಂಬಿಕೊಳ್ಳುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ಕಷ್ಟವಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬರುವ ಸದ್ದೇ ಎದೆಯ 'ಸುಯ್'.

ಕೆರಳಿಕೆ ಇಳಿದಾಗ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ರೋಗಿ ಇಂದು ಏದುಸಿರು ಬಿಟ್ಟು ನಾಳೆ ಆರಾಮಾಗಿ ಓಡಾಡಬಹುದು. ವಾಸಿಯಾಯಿತು ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ಉಬ್ಬಸ ನಿಂತರೂ ಒಳಗಿನ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ.

ಕಾವಲುಗಾರನೇ ತಪ್ಪು ತಿಳಿದಾಗ

ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಕಾವಲುಗಾರ. ವೈರಸ್, ಬ್ಯಾಕ್ಟೀರಿಯಾ, ಹೊಟ್ಟೆಯ ಹುಳುಗಳ ವಿರುದ್ಧ ಹೋರಾಡುವುದು ಅದರ ಕೆಲಸ. ಅಲರ್ಜಿಯಿಂದ ಬರುವ ಅಸ್ತಮಾದಲ್ಲಿ ಈ ಕಾವಲುಗಾರ ಹೂವಿನ ಪರಾಗ, ಮನೆಯ ದೂಳು, ಬೆಕ್ಕಿನ ಹೊಟ್ಟು ಮುಂತಾದ ನಿರುಪದ್ರವಿ ವಸ್ತುಗಳನ್ನೇ ಶತ್ರು ಎಂದು ಭಾವಿಸಿ ಯುದ್ಧ ಸಾರುತ್ತಾನೆ.

ಇದು ಎರಡು ಹಂತದಲ್ಲಿ ನಡೆಯುತ್ತದೆ.

ಮೊದಲ ಹಂತ ಸದ್ದಿಲ್ಲದ್ದು. ಪರಾಗ ಅಥವಾ ದೂಳಿನ ಕಣ ಉಸಿರುನಾಳದ ಒಳಪೊರೆಗೆ ತಾಗಿದಾಗ, ಆ ಪೊರೆಯ ಜೀವಕೋಶಗಳು ಎಚ್ಚರಿಕೆಯ ರಾಸಾಯನಿಕಗಳನ್ನು ಬಿಡುತ್ತವೆ. ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಇವುಗಳ ಹೆಸರು. ಡೆಂಡ್ರಿಟಿಕ್ ಕೋಶಗಳು ಕಣದ ಗುರುತನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು 'ಟಿ' ಕೋಶಗಳಿಗೆ ತೋರಿಸುತ್ತವೆ. ಅಲರ್ಜಿಯ ಒಲವು ಇರುವವರಲ್ಲಿ ಈ ಕೋಶಗಳು 'ಟಿಎಚ್2' ಎಂಬ ಬಗೆಗೆ ತಿರುಗಿ ಮೂರು ಮುಖ್ಯ ಸಂದೇಶಗಳನ್ನು ಕಳಿಸುತ್ತವೆ. ಐಎಲ್-4 ಎಂಬುದು 'ಬಿ' ಕೋಶಗಳಿಗೆ 'ಐಜಿಇ' ಪ್ರತಿಕಾಯ ತಯಾರಿಸಲು ಹೇಳುತ್ತದೆ. ಐಎಲ್-5 ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳನ್ನು ಬೆಳೆಸಿ ಕರೆತರುತ್ತದೆ. ಐಎಲ್-13 ಕಫ ಹೆಚ್ಚಿಸಿ ನಾಳವನ್ನು ಸೂಕ್ಷ್ಮಗೊಳಿಸುತ್ತದೆ.

ತಯಾರಾದ ಐಜಿಇ ಪ್ರತಿಕಾಯಗಳು ಉಸಿರುನಾಳದಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಹೋಗಿ ಕೂರುತ್ತವೆ. ಇಷ್ಟೆಲ್ಲ ಆದರೂ ರೋಗಿಗೆ ಏನೂ ತಿಳಿಯುವುದಿಲ್ಲ. ಮದ್ದು ತುಂಬಿದ ಬಂದೂಕು ಸಿದ್ಧವಾಗಿರುತ್ತದೆ, ಅಷ್ಟೇ.

ಎರಡನೇ ಹಂತದಲ್ಲಿ ಗುಂಡು ಹಾರುತ್ತದೆ. ಅದೇ ಪರಾಗ ಮತ್ತೆ ಒಳಬಂದು ಐಜಿಇಗೆ ಅಂಟಿಕೊಂಡ ಕೆಲವೇ ನಿಮಿಷಗಳಲ್ಲಿ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್‌ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಸ್ನಾಯು ಬಿಗಿಯುತ್ತದೆ, ಉಬ್ಬಸ ಶುರುವಾಗುತ್ತದೆ. ಒಂದೆರಡು ಗಂಟೆಯಲ್ಲಿ ಇದು ತಣ್ಣಗಾಗಬಹುದು. ಆದರೆ ಸುಮಾರು 4ರಿಂದ 8 ಗಂಟೆಯ ನಂತರ ಇಯೊಸಿನೊಫಿಲ್ ಮತ್ತಿತರ ಕೋಶಗಳು ದಂಡಾಗಿ ಬಂದು ಎರಡನೇ ದಾಳಿ ನಡೆಸಬಹುದು. ಸಂಜೆ ದೂಳು ಗುಡಿಸಿದವರಿಗೆ ನಡುರಾತ್ರಿ ಉಸಿರು ಕಟ್ಟುವುದರ ಹಿಂದೆ ಇಂತಹ ತಡವಾದ ಪ್ರತಿಕ್ರಿಯೆ ಇರಬಹುದು.

ಇದು ವರ್ಷಗಟ್ಟಲೆ ಮುಂದುವರಿದರೆ ನಾಳದ ಗೋಡೆ ದಪ್ಪವಾಗಿ, ಸ್ನಾಯು ಬೆಳೆದು, ದಾರಿ ಶಾಶ್ವತವಾಗಿ ಕಿರಿದಾಗಬಹುದು. ಆಗ ಔಷಧ ಕೊಟ್ಟರೂ ಮೊದಲಿನಷ್ಟು ತೆರೆದುಕೊಳ್ಳುವುದಿಲ್ಲ.

ಎಲ್ಲರ ಅಸ್ತಮಾ ಒಂದೇ ಅಲ್ಲ

ಅಸ್ತಮಾ ಎಂಬುದು ಒಂದೇ ಹೆಸರಿನಡಿ ಬರುವ ಹಲವು ರೋಗಗಳ ಗುಂಪು ಎನ್ನುವುದು ಈಗ ವೈದ್ಯರು ಒಪ್ಪಿರುವ ಮಾತು. ಮುಖ್ಯ ವಿಧಗಳು ಹೀಗಿವೆ:

ಅಲರ್ಜಿ ಅಸ್ತಮಾ: ಹೆಚ್ಚಾಗಿ ಬಾಲ್ಯದಲ್ಲೇ ಶುರುವಾಗುತ್ತದೆ. ಸೀನು, ಮೂಗಿನ ತುರಿಕೆ, ಚರ್ಮದ ಇಸುಬು ಜೊತೆಗಿರುವುದು ಸಾಮಾನ್ಯ. ಮನೆಯಲ್ಲಿ ಇನ್ನೊಬ್ಬರಿಗೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚು.

ಅಲರ್ಜಿಯಲ್ಲದ ಅಸ್ತಮಾ: ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಹೊಗೆ, ಮಾಲಿನ್ಯ, ವೈರಸ್ ಸೋಂಕು ಇದನ್ನು ಕೆರಳಿಸುತ್ತವೆ. ಕೆಲವರಲ್ಲಿ ಇಯೊಸಿನೊಫಿಲ್ ಬದಲು ನ್ಯೂಟ್ರೊಫಿಲ್ ಕಣಗಳು ಹೆಚ್ಚಿರುತ್ತವೆ. ಅಂಥವರಿಗೆ ಸ್ಟೀರಾಯ್ಡ್ ಇನ್ಹೇಲರ್ ಅಷ್ಟಾಗಿ ಹಿಡಿಸದಿರಬಹುದು.

ತಡವಾಗಿ ಬರುವ ಇಯೊಸಿನೊಫಿಲ್ ಅಸ್ತಮಾ: ದೊಡ್ಡವರಾದ ಮೇಲೆ ಶುರುವಾಗುತ್ತದೆ. ಮೂಗಿನೊಳಗೆ ಗಡ್ಡೆ ಬೆಳೆಯುವುದು, ವಾಸನೆ ತಿಳಿಯದಿರುವುದು ಜೊತೆಗಿರಬಹುದು. ಇಂಥವರಲ್ಲಿ ಕೆಲವರಿಗೆ ಆಸ್ಪಿರಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆ ನುಂಗಿದರೆ ಉಬ್ಬಸ ಏರುತ್ತದೆ.

ಕೆಲಸದಿಂದ ಬರುವ ಅಸ್ತಮಾ: ಬೇಕರಿಯ ಹಿಟ್ಟಿನ ದೂಳು, ಮರದ ಹೊಟ್ಟು, ವಾಹನಗಳ ಸ್ಪ್ರೇ ಪೇಂಟ್‌ನಲ್ಲಿರುವ ಐಸೊಸೈನೇಟ್ ಇದಕ್ಕೆ ಕಾರಣವಾಗಬಹುದು. ರಜೆಯಲ್ಲಿ ಆರಾಮಾಗಿದ್ದು ಕೆಲಸಕ್ಕೆ ಮರಳಿದಾಗ ಉಬ್ಬಸ ಶುರುವಾದರೆ ಅದು ದೊಡ್ಡ ಸುಳಿವು. ಪಿಂಪ್ರಿ-ಚಿಂಚವಾಡ, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಕಾರ್ಮಿಕರು ತಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳಲೇಬೇಕು.

ಕೆಮ್ಮಿನ ಅಸ್ತಮಾ: ಉಬ್ಬಸದ ಸದ್ದೇ ಇಲ್ಲದೆ ವಾರಗಟ್ಟಲೆ ಒಣಕೆಮ್ಮು ಮಾತ್ರ ಇರುತ್ತದೆ. ಬಾಟಲಿಗಟ್ಟಲೆ ಕೆಮ್ಮಿನ ಸಿರಪ್ ಕುಡಿದರೂ ಹೋಗದ ಕೆಮ್ಮಿನ ಹಿಂದೆ ಇದು ಇರಬಹುದು.

ಇವಲ್ಲದೆ ಓಡಿದಾಗ, ಆಡಿದಾಗ ಮಾತ್ರ ಕಾಣಿಸಿಕೊಳ್ಳುವುದು, ಬೊಜ್ಜಿನೊಂದಿಗೆ ಬರುವುದು ಕೂಡ ಇವೆ.

ಬೇರು ಒಂದು, ಕಿಡಿ ಇನ್ನೊಂದು

ಅಸ್ತಮಾ ಬರಲು ಕಾರಣವಾಗುವುದು ಬೇರೆ, ಬಂದ ಅಸ್ತಮಾವನ್ನು ಕೆರಳಿಸುವುದು ಬೇರೆ. ಅನುವಂಶೀಯತೆ ಬೇರಿನ ಒಂದು ಭಾಗ. ಆದರೆ ತಂದೆ ತಾಯಿಗೆ ಇದ್ದ ಮಾತ್ರಕ್ಕೆ ಮಗುವಿಗೆ ಬಂದೇ ಬರುತ್ತದೆ ಎಂದಿಲ್ಲ. ಗರ್ಭದಲ್ಲಿದ್ದಾಗ ಮತ್ತು ಎಳವೆಯಲ್ಲಿ ತಂಬಾಕಿನ ಹೊಗೆ, ಅವಧಿಗೆ ಮುನ್ನ ಹೆರಿಗೆ, ಮೊದಲ ವರ್ಷಗಳ ತೀವ್ರ ವೈರಸ್ ಸೋಂಕು, ವಾಯುಮಾಲಿನ್ಯ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಬೆಳೆಯುವ ಪರಿಸರಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಉದಾಹರಣೆ. ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳ ವಂಶಮೂಲ ಹತ್ತಿರದ್ದು. ಅಮಿಶ್ ಮಕ್ಕಳು ಮನೆಗೆ ಅಂಟಿದ ಕೊಟ್ಟಿಗೆಯ ದನಕರುಗಳ ನಡುವೆ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ಬೇಸಾಯ. ಅಸ್ತಮಾ ಇದ್ದದ್ದು ಅಮಿಶ್ ಮಕ್ಕಳಲ್ಲಿ ಸುಮಾರು ಶೇ. 5, ಹಟರೈಟ್ ಮಕ್ಕಳಲ್ಲಿ ಸುಮಾರು ಶೇ. 21. ಕೊಟ್ಟಿಗೆಯ ದೂಳಿನಲ್ಲಿರುವ ಸೂಕ್ಷ್ಮಾಣುಗಳು ಎಳೆಯ ಮಕ್ಕಳ ರೋಗನಿರೋಧಕ ವ್ಯವಸ್ಥೆಗೆ ಶತ್ರು ಯಾರು, ನೆಂಟ ಯಾರು ಎಂದು ಕಲಿಸುತ್ತವೆ ಎಂಬುದು ಸಂಶೋಧಕರ ವಿವರಣೆ. ಹಾಗೆಂದು ನಗರದ ರಸ್ತೆ ದೂಳಿನಿಂದ ಈ ಪ್ರಯೋಜನ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ದಾಖಲಿಸಿದ ಅಂಕಿಗಳು ನಗರ ಬೆಳೆದ ಕತೆಯನ್ನೇ ಹೇಳುತ್ತವೆ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9ರಷ್ಟಿತ್ತು. 1999ರ ಹೊತ್ತಿಗೆ ಅದು ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕವಾದ್ದರಿಂದ ಇಡೀ ಊರಿಗೆ ಅನ್ವಯಿಸದು. ಆದರೆ 20 ವರ್ಷಗಳಲ್ಲಿ ಪ್ರಮಾಣ ಮೂರು ಪಟ್ಟಾದದ್ದು ಕಡೆಗಣಿಸುವಂಥದ್ದಲ್ಲ. ಎರಡು ದಶಕದಲ್ಲಿ ಜನರ ವಂಶವಾಹಿಗಳು ಬದಲಾಗುವುದಿಲ್ಲ, ಬದಲಾಗುವುದು ಗಾಳಿ ಮತ್ತು ಬದುಕಿನ ರೀತಿ.

ಪುಣೆಯಿಂದ ಬೆಂಗಳೂರಿನವರೆಗೆ ಹಬ್ಬಿದ ಗಿಡ

ಕೆರಳಿಸುವ ವಸ್ತುಗಳಲ್ಲಿ ಎರಡೂ ನಗರಗಳಿಗೆ ಸಂಬಂಧಿಸಿದ ಒಂದು ಗಿಡವಿದೆ. ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡ ಮೂಲದ ಈ ಕಳೆ ಭಾರತದಲ್ಲಿ ಹಬ್ಬುತ್ತಿರುವುದು 1950ರ ದಶಕದ ಮಧ್ಯದಲ್ಲಿ ಮೊದಲಿಗೆ ವರದಿಯಾದದ್ದು ಪುಣೆಯಿಂದ. ಆಮದಾದ ಗೋಧಿಯ ಜೊತೆ ಬೀಜ ಬಂದಿರಬೇಕು ಎಂಬುದು ಪ್ರಚಲಿತ ಅಭಿಪ್ರಾಯ. ಅಲ್ಲಿಂದ ರಸ್ತೆ, ರೈಲು ಹಳಿ, ಖಾಲಿ ಸೈಟುಗಳನ್ನು ಹಿಡಿದು ದೇಶವನ್ನೇ ಆವರಿಸಿತು.

ಬೆಂಗಳೂರಿನಲ್ಲಿ 1990ರ ದಶಕದ ಆರಂಭದಲ್ಲಿ ಪ್ರಕಟವಾದ ಅಧ್ಯಯನಗಳು, ನಗರದ ಜನಸಂಖ್ಯೆಯ ಸುಮಾರು ಶೇ. 7ರಷ್ಟು ಮಂದಿ ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಅನುಭವಿಸುತ್ತಿದ್ದಾರೆ ಎಂದು ಅಂದಾಜಿಸಿದ್ದವು. ಮೂಗಿನ ಅಲರ್ಜಿ ಮತ್ತು ಅಸ್ತಮಾ ಒಂದೇ ಗಾಳಿದಾರಿಯ ಮೇಲಿನ ತುದಿ ಮತ್ತು ಕೆಳಗಿನ ತುದಿಯ ತೊಂದರೆಗಳು. ಮೂಗಿಗೆ ಚಿಕಿತ್ಸೆ ಕೊಡದೆ ಎದೆಯನ್ನು ಮಾತ್ರ ನೋಡಿದರೆ ಅಸ್ತಮಾ ಹತೋಟಿಗೆ ಬರುವುದು ಕಷ್ಟ.

ಮನೆಯೊಳಗಿನ ಕಿಡಿಗಳೂ ಕಡಿಮೆ ಇಲ್ಲ. ಹಾಸಿಗೆ, ದಿಂಬಿನಲ್ಲಿ ಬದುಕುವ ಕಣ್ಣಿಗೆ ಕಾಣದ ದೂಳು ಹುಳ, ಮಳೆಗಾಲದ ಗೋಡೆಯ ಬೂಷ್ಟು, ಜಿರಳೆ, ಸೌದೆ ಒಲೆಯ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ ಎಲ್ಲವೂ ಈ ಪಟ್ಟಿಯಲ್ಲಿವೆ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವಿನ ಪಕ್ಕ ಅದನ್ನು ಹಚ್ಚುವ ಮುನ್ನ ಸೊಳ್ಳೆ ಪರದೆಯನ್ನು ನೆನೆಯುವುದು ಒಳ್ಳೆಯದು.

ಪತ್ತೆ ಹೇಗೆ?

ಎಕ್ಸ್‌ರೇಯಲ್ಲಿ ಅಸ್ತಮಾ ಸಾಮಾನ್ಯವಾಗಿ ಕಾಣುವುದಿಲ್ಲ. ಜೋರಾಗಿ ಊದಿಸಿ ಉಸಿರಿನ ವೇಗ ಅಳೆಯುವ ಸ್ಪೈರೋಮೆಟ್ರಿ ಇದಕ್ಕಿರುವ ಮುಖ್ಯ ಪರೀಕ್ಷೆ. ಒಮ್ಮೆ ಊದಿಸಿ, ನಾಳ ಹಿಗ್ಗಿಸುವ ಔಷಧ ಕೊಟ್ಟು ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಕನಿಷ್ಠ ಶೇ. 12 ಮತ್ತು 200 ಮಿಲಿ ಲೀಟರ್ ಹೆಚ್ಚಿದರೆ ಅಸ್ತಮಾದ ಕಡೆ ಬೆರಳು ತೋರುತ್ತದೆ. ಆರಾಮಿದ್ದ ದಿನ ಪರೀಕ್ಷೆ ಸರಿ ಬಂದರೆ ಅಸ್ತಮಾ ಇಲ್ಲವೆಂದು ಹೇಳಲಾಗದು. ಅಂಥವರಿಗೆ ಮನೆಯಲ್ಲೇ ಬೆಳಿಗ್ಗೆ, ಸಂಜೆ ಊದಿ ಬರೆದಿಡಬಹುದಾದ ಅಗ್ಗದ ಪೀಕ್ ಫ್ಲೋ ಮೀಟರ್ ನೆರವಾಗುತ್ತದೆ. ಧೂಮಪಾನಿಗಳಲ್ಲಿ ಮತ್ತು ಒಲೆ ಹೊಗೆ ಕುಡಿದವರಲ್ಲಿ ಬರುವ ಸಿಒಪಿಡಿ, ಕ್ಷಯ, ಹೃದಯದ ತೊಂದರೆ ಇವುಗಳಲ್ಲೂ ಏದುಸಿರು ಇರುತ್ತದೆ. ಅದನ್ನು ಬೇರ್ಪಡಿಸುವುದು ವೈದ್ಯರ ಕೆಲಸ.

ಆರಾಮ ಕೊಡುವ ಔಷಧ, ರೋಗ ತಡೆಯುವ ಔಷಧ

ಭಾರತದಲ್ಲಿ ಸಾವು ಹೆಚ್ಚಿರುವುದಕ್ಕೆ ಒಂದು ದೊಡ್ಡ ಕಾರಣ ಇಲ್ಲಿದೆ. ಅಸ್ತಮಾದ ಔಷಧಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್‌ನಂಥವು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತವೆ. ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇನ್ಹೇಲರ್‌ಗಳು ಒಳಗಿನ ಉರಿಯೂತವನ್ನು ಆರಿಸುತ್ತವೆ, ಆದರೆ ನಿಧಾನವಾಗಿ. ಮೊದಲನೆಯದು ತಕ್ಷಣ ನೆಮ್ಮದಿ ಕೊಡುವುದರಿಂದ ರೋಗಿ ಅದನ್ನೇ ನಂಬುತ್ತಾನೆ. ಎರಡನೆಯದು ಏನೂ ಮಾಡುತ್ತಿಲ್ಲ ಎನಿಸಿ ಬಿಟ್ಟುಬಿಡುತ್ತಾನೆ. ಮನೆಗೆ ಬೆಂಕಿ ಬಿದ್ದಾಗ ಕಿಟಕಿ ತೆರೆದು ಹೊಗೆ ಹೊರಹಾಕಿದಂತೆ ಇದು. ಬೆಂಕಿ ಹಾಗೇ ಉಳಿಯುತ್ತದೆ.

ಈ ಕಾರಣಕ್ಕೇ ಜಾಗತಿಕ ಅಸ್ತಮಾ ಮಾರ್ಗಸೂಚಿ 'ಗಿನಾ' 2019ರಿಂದ ದೊಡ್ಡವರು ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ ಎನ್ನುತ್ತಿದೆ. ವರ್ಷಕ್ಕೆ ಇಂತಹ 3 ಅಥವಾ ಹೆಚ್ಚು ಇನ್ಹೇಲರ್ ಖಾಲಿಯಾಗುತ್ತಿದ್ದರೆ ಅದು ತೀವ್ರ ದಾಳಿಯ ಮುನ್ಸೂಚನೆ. ಸೌಮ್ಯ ಅಸ್ತಮಾ ಎನಿಸಿಕೊಂಡವರಲ್ಲೂ ಪ್ರಾಣಾಪಾಯದ ದಾಳಿ ಬರಬಹುದು.

ಇನ್ಹೇಲರ್ ಬಗೆಗಿನ ಭಯವೂ ರೋಗಕ್ಕೆ ಸಹಾಯ ಮಾಡುತ್ತಿದೆ. 'ಒಮ್ಮೆ ಹಿಡಿದರೆ ಬಿಡಿಸಲಾಗದು', 'ಅದು ಕೊನೆಯ ಹಂತದ ಔಷಧ' ಎಂಬ ಮಾತುಗಳಿಗೆ ಆಧಾರವಿಲ್ಲ. ಇನ್ಹೇಲರ್‌ನ ಸ್ಟೀರಾಯ್ಡ್ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದಲ್ಲಿದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆಯದು ಮಿಲಿಗ್ರಾಂ ಲೆಕ್ಕ, ಇಡೀ ದೇಹವನ್ನು ಸುತ್ತುತ್ತದೆ. ಎಳೆದುಕೊಂಡ ನಂತರ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ತೊಂದರೆಯೂ ಬಹುಪಾಲು ತಪ್ಪುತ್ತದೆ. ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಸೇರಿಸಿ ಕೊಟ್ಟರೆ ಔಷಧ ಗಂಟಲಲ್ಲಿ ನಿಲ್ಲದೆ ಒಳಗೆ ಇಳಿಯುತ್ತದೆ.

ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದ್‌ನಲ್ಲಿ ಕೊಡುವ ಮೀನಿನ ಔಷಧಕ್ಕೆ ಕರ್ನಾಟಕ, ಮಹಾರಾಷ್ಟ್ರದಿಂದಲೂ ಜನ ಹೋಗುತ್ತಾರೆ. ಅದು ಅಸ್ತಮಾ ವಾಸಿ ಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ತಾನಾಗಿ ಏರಿ ಇಳಿಯುವ ರೋಗವಾದ್ದರಿಂದ ಇಳಿದ ಹೊತ್ತಿನಲ್ಲಿ ಏನು ತೆಗೆದುಕೊಂಡಿದ್ದರೂ ಅದೇ ವಾಸಿ ಮಾಡಿದಂತೆ ಕಾಣುತ್ತದೆ. ನಂಬಿಕೆಯಿಂದ ಹೋಗುವವರು ಹೋಗಲಿ, ದಿನದ ಇನ್ಹೇಲರ್ ಮಾತ್ರ ನಿಲ್ಲಿಸಬಾರದು.

ಸಾಮಾನ್ಯ ಔಷಧಕ್ಕೆ ಬಗ್ಗದ ತೀವ್ರ ಅಸ್ತಮಾಗೆ ಈಗ 'ಬಯೋಲಾಜಿಕ್' ಚುಚ್ಚುಮದ್ದುಗಳಿವೆ. ಒಮಾಲಿಝುಮ್ಯಾಬ್ ಐಜಿಇಯನ್ನು, ಮೆಪೊಲಿಝುಮ್ಯಾಬ್ ಐಎಲ್-5 ಅನ್ನು, ಡುಪಿಲುಮ್ಯಾಬ್ ಐಎಲ್-4 ಮತ್ತು 13ರ ಸಂದೇಶವನ್ನು ತಡೆಯುತ್ತವೆ. ಯಾರಿಗೆ ಯಾವುದು ಎಂಬುದು ಅವರ ಅಸ್ತಮಾದ ವಿಧವನ್ನು ಅವಲಂಬಿಸಿದೆ. ಬೆಲೆ ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಬಹುಪಾಲು ರೋಗಿಗಳಿಗೆ ಸರಿಯಾಗಿ ಎಳೆದುಕೊಂಡ ಸಾದಾ ಇನ್ಹೇಲರ್ ಸಾಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

* ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಏದುಸಿರು ಇದ್ದಾಗ
* ಆರಾಮ ಕೊಡುವ ಇನ್ಹೇಲರ್ ತೆಗೆದುಕೊಂಡರೂ ಉಸಿರು ಸುಧಾರಿಸದಿದ್ದಾಗ, ಅಥವಾ ಬೇಗನೇ ಮತ್ತೆ ಬೇಕೆನಿಸಿದಾಗ
* ಮಗುವಿನ ಪಕ್ಕೆಲುಬುಗಳ ನಡುವೆ, ಕತ್ತಿನ ಗುಳಿಯಲ್ಲಿ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದಾಗ
* ತುಟಿ, ಉಗುರು ನೀಲಿಯಾದಾಗ, ಮಂಪರು ಕವಿದಾಗ
* ಉಬ್ಬಸದ ಸದ್ದು ನಿಂತರೂ ಸಂಕಟ ಹೆಚ್ಚಿದಾಗ. ಗಾಳಿಯೇ ಓಡುತ್ತಿಲ್ಲ ಎಂಬುದರ ಸೂಚನೆ ಅದು

ಇಂತಹ ಹೊತ್ತಿನಲ್ಲಿ ರೋಗಿಯನ್ನು ಮಲಗಿಸದೆ ಕೂರಿಸಿ, ಆರಾಮ ಕೊಡುವ ಇನ್ಹೇಲರ್ ಕೊಡುತ್ತಾ 108ಕ್ಕೆ ಕರೆ ಮಾಡಬೇಕು.

ಅಸ್ತಮಾವನ್ನು ಬೇರುಸಹಿತ ಕಿತ್ತು ಹಾಕುವ ಔಷಧ ಇನ್ನೂ ಬಂದಿಲ್ಲ. ಆದರೆ ಉರಿಯೂತವನ್ನು ದಿನವೂ ಆರಿಸುತ್ತಾ ಬಂದರೆ ಓದು, ಆಟ, ದುಡಿಮೆ ಯಾವುದನ್ನೂ ಬಿಡಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ಪದೇ ಪದೇ ಉಬ್ಬಸ ಬರುತ್ತಿದ್ದರೆ, ಮುಂದಿನ ಬಾರಿ ವೈದ್ಯರ ಬಳಿ ಹೋದಾಗ ಎರಡು ಪ್ರಶ್ನೆ ಕೇಳಿ: 'ಇದು ಅಸ್ತಮಾನಾ?' ಮತ್ತು 'ಈ ಇನ್ಹೇಲರ್ ಆರಾಮಕ್ಕೋ, ರೋಗ ತಡೆಯೋದಕ್ಕೋ?'

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಶುರು ಮಾಡುವ, ಬದಲಿಸುವ ಅಥವಾ ನಿಲ್ಲಿಸುವ ಮುನ್ನ ವೈದ್ಯರನ್ನು ಸಂಪರ್ಕಿಸಿ.)